ಮಿಲಿಟ್ರಿ ಕೊಂಡಮ್ಮನ ಆಪರೇಷನ್

ಮೇಲೂರಿನಲ್ಲಿ ಕೊಂಡಮ್ಮ ಎಂಬ ಹೆಸರಿನವರು ಮೂವರಿದ್ದಾರೆ. ಒಬ್ಬಳು ಅಂಗಡಿ ಕೊಂಡಮ್ಮ, ಇನ್ನೊಬ್ಬಳು ಬಾವಿಮನೆ ಕೊಂಡಮ್ಮ. ಮಿಲಿಟ್ರಿ ಕೊಂಡಮ್ಮ ಎಂದರೆ ನಿವೃತ್ತ ಹವಾಲ್ದಾರ್ ಆವುಲಪ್ಪನ ಹೆಂಡತಿ. ಹೆಸರಿಗೆ ಮಿಲಿಟ್ರಿಯೇ ಹೊರತು ಅವಳು ಗಂಡನ ಜೊತೆ ಒಂದು ದಿನವೂ ಕ್ವಾರ್ಟರ್ಸಿನಲ್ಲಿ ಇದ್ದವಳಲ್ಲ. ಆವುಲಪ್ಪ ಇಪ್ಪತ್ತೆರಡು ವರ್ಷ ದೇಶದ ಆ ತುದಿ ಈ ತುದಿ ತಿರುಗಿದ. ಕೊಂಡಮ್ಮ ಮೇಲೂರಿನಲ್ಲೇ ಇದ್ದು ಅತ್ತೆಯನ್ನು ನೋಡಿಕೊಂಡಳು, ಇಬ್ಬರು ಮಕ್ಕಳನ್ನು ಹೆತ್ತಳು, ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ ಮತ್ತು ಮನೆಯ ಹಿಂದಿನ ಹುಳುಮನೆಯನ್ನು ನಡೆಸಿದಳು. ರೇಷ್ಮೆ ಹುಳುವಿಗೆ ಹಬ್ಬ ಹುಣ್ಣಿಮೆ ಇಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು.

ಅವಳ ತವರು ತೊಂಡೇಬಾವಿ ಹತ್ತಿರದ ಒಂದು ಹಳ್ಳಿ. ಮನೆಮಾತು ತೆಲುಗು. ಮೇಲೂರಿಗೆ ಬಂದು ಕನ್ನಡವೇ ಬಾಯಿಗೆ ಹತ್ತಿದ್ದರೂ ಸಿಟ್ಟು, ನಾಚಿಕೆ, ಅಳು ಬಂದಾಗ ತೆಲುಗೇ ಹೊರಡುತ್ತಿತ್ತು.

ಮಗಳು ಅಕ್ಷಯಾ ಹುಟ್ಟಿದ್ದು ಕಾರ್ಗಿಲ್ ಯುದ್ಧದ ವರ್ಷ. ಮೊದಲ ಹೆರಿಗೆಗೂ, ಈಗ ದೂರದ ಊರಿನಲ್ಲಿ ಕೆಲಸದಲ್ಲಿರುವ ಮಗ ಹುಟ್ಟಿದಾಗ, ಆವುಲಪ್ಪನಿಗೆ ಬರಲಾಗಿರಲಿಲ್ಲ. ಎರಡನೆಯದಕ್ಕೆ ರಜೆ ಮಂಜೂರಾಗಿತ್ತು, ಟಿಕೇಟೂ ಆಗಿತ್ತು, ಅಷ್ಟರಲ್ಲಿ ಎಲ್ಲರ ರಜೆಯೂ ರದ್ದಾಯಿತು. ಮಗು ತೂಕವಾಗಿತ್ತು, ಹೆರಿಗೆ ಮನೆಯಲ್ಲೇ ಆಯಿತು, ತುಂಬಾ ಹೊತ್ತು ಹಿಡಿಯಿತು. ಸೂಲಗಿತ್ತಿ ಹೊಟ್ಟೆ ಒತ್ತಿ ಒತ್ತಿ ಮಗುವನ್ನು ಹೊರತಂದಳು. ಬಾಣಂತನಕ್ಕೆಂದು ಬಂದ ತಾಯಿ ಜ್ವರ ಹಿಡಿದು ಊರಿಗೆ ಹೋದಳು. ಅತ್ತೆಗೆ ಮಂಡಿನೋವು, ಮೇಲೇಳುವಂತಿರಲಿಲ್ಲ. ಹುಳು ಕೊನೆಯ ಹಂತಕ್ಕೆ ಬಂದು ಸೊಪ್ಪನ್ನು ಸರಸರ ತಿನ್ನುತ್ತಿದ್ದ ಸಮಯ ಅದು. ಮೂರನೇ ವಾರಕ್ಕೇ ಕೊಂಡಮ್ಮ ಸೊಂಟಕ್ಕೆ ಸೀರೆ ಬಿಗಿದು ತೋಟಕ್ಕಿಳಿದಳು. ಸೊಪ್ಪಿನ ಹೊರೆ ತಲೆಗೆತ್ತಿಕೊಂಡಾಗ ಕಿಬ್ಬೊಟ್ಟೆಯೊಳಗೆ ಏನೋ ಸಡಿಲವಾಗಿ ಕೆಳಗೆ ಜಾರಿದ ಹಾಗಾಯಿತು. ನೋವಿರಲಿಲ್ಲ. ಅವಳು ಹೊರೆ ಇಳಿಸದೆ ಮನೆಗೆ ಬಂದಳು.

ಆಮೇಲೆ ಅದು ಹೋಗಲಿಲ್ಲ. ಮಲಗಿದರೆ ಒಳಗೆ ಸರಿಯುತ್ತಿತ್ತು, ಎದ್ದು ಓಡಾಡಿದರೆ ಕೆಳಗಿಳಿಯುತ್ತಿತ್ತು. ವರ್ಷ ಕಳೆದಂತೆ ಹೊರಗೇ ಬರತೊಡಗಿತು. ಹಳೇ ಸೀರೆಯ ಬಟ್ಟೆಯನ್ನು ಮಡಿಸಿ ಒತ್ತಾಗಿ ಕಟ್ಟಿಕೊಳ್ಳುವುದನ್ನು ಅವಳೇ ಕಂಡುಕೊಂಡಳು. ಕೆಮ್ಮಿದರೆ, ಜೋರಾಗಿ ನಕ್ಕರೆ ಮೂತ್ರ ಹನಿಯುತ್ತಿತ್ತು. ಆದ್ದರಿಂದ ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಳು. ಮದುವೆ, ನಾಮಕರಣ, ತಿಥಿ, ಯಾವುದಕ್ಕೆ ಕರೆದರೂ ಅವಳದು ಒಂದೇ ಉತ್ತರ: ಹುಳ ಇದೆ, ಬಿಟ್ಟು ಬರೋಕಾಗಲ್ಲ. ಕೊಂಡಮ್ಮನಿಗೆ ನೆಂಟರಿಗಿಂತ ಹುಳವೇ ಹೆಚ್ಚು ಎಂದು ತವರಿನವರು ಬೇಸರ ಮಾಡಿಕೊಂಡರು. ತಮ್ಮನ ಮದುವೆಗೆ ಧಾರೆಯ ಹೊತ್ತಿಗೆ ಹೋಗಿ ಊಟ ಮಾಡದೆ ಬಂದಿದ್ದನ್ನು ಅವನು ಇವತ್ತಿಗೂ ಎತ್ತಿ ಆಡುತ್ತಾನೆ.

ಒಮ್ಮೆ ಮಾತ್ರ, ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದ ನರ್ಸಿಗೆ ಹೇಳಿಕೊಂಡಿದ್ದಳು. ಗರ್ಭಕೋಶ ಜಾರಿದೆ, ದೊಡ್ಡಾಸ್ಪತ್ರೆಗೆ ಹೋದರೆ ಆಪರೇಷನ್ ಮಾಡುತ್ತಾರೆ ಎಂದು ಆಕೆ ಹೇಳಿದಳು. ಯಾರ ಜೊತೆ ಹೋಗುವುದು, ಅತ್ತೆಗೆ ಏನೆಂದು ಹೇಳುವುದು, ಮಕ್ಕಳನ್ನು ಯಾರ ಹತ್ತಿರ ಬಿಡುವುದು ಎಂದು ಯೋಚಿಸುವುದರಲ್ಲೇ ಆ ನರ್ಸಿಗೆ ಬೇರೆ ಊರಿಗೆ ವರ್ಗವಾಯಿತು.

ಅತ್ತೆ ತೀರಿಕೊಂಡ ಮೇಲೆ ಆವುಲಪ್ಪ ನಿವೃತ್ತನಾಗಿ ಊರಿಗೆ ಬಂದ. ಶಿಸ್ತಿನ ಮನುಷ್ಯ, ಜಗಳಗಂಟನಲ್ಲ. ಬೆಳಗ್ಗೆ ಎದ್ದು ತನ್ನ ಹಾಸಿಗೆಯನ್ನು ತಾನೇ ಮಡಿಸುವವನು. ಕೊಂಡಮ್ಮ ಹುಳುಮನೆಯ ಪಕ್ಕದ ಕೋಣೆಯಲ್ಲೇ ಮಲಗುವುದನ್ನು ಮುಂದುವರಿಸಿದಳು. ಹುಳ ನೋಡಿಕೊಳ್ಳಬೇಕಲ್ಲ ಎಂದಳು. ಆವುಲಪ್ಪ ಹೆಚ್ಚು ಕೇಳಲಿಲ್ಲ. ಅವನಿಗೆ ಬಿಪಿ ಶುರುವಾದ ಮೇಲೆ ಬೆಂಗಳೂರಿನಲ್ಲಿರುವ ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಹೋಗಿ ಮಾತ್ರೆ ತರುತ್ತಿದ್ದ. ಸೇವೆಯಿಂದ ಬರುವಾಗಲೇ ಆ ಯೋಜನೆಗೆ ಸೇರಿದ್ದ, ಹೆಂಡತಿಗೂ ಒಂದು ಕಾರ್ಡು ಮಾಡಿಸಿದ್ದ. ಅವಳ ಕಾರ್ಡು ಬೀರುವಿನಲ್ಲಿತ್ತು. ಗುಂಡೇಟು, ಕೈಕಾಲು ಮುರಿತ, ಎದೆನೋವು ಇಂಥದಕ್ಕೆ ಸರ್ಕಾರ ಕೊಡುವ ಕಾರ್ಡು ಅದು ಎಂದು ಅವಳು ತಿಳಿದಿದ್ದಳು. ಅವಳಿಗೆಂಥ ಕಾಯಿಲೆ, ಕಲ್ಲಿನಂಥ ಹೆಂಗಸು ಎಂದು ಅವನು ತಿಳಿದಿದ್ದ.

ಹೋದ ವರ್ಷ ಅಕ್ಷಯಾ ಮೊದಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟಿದ್ದು ಚಿಂತಾಮಣಿಗೆ. ಗಂಡ ಕೇಶವ್ ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಅತ್ತೆ ಗೋದಮ್ಮನವರು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಏಳನೇ ತಿಂಗಳ ಸೀಮಂತ ಮುಗಿಸಿ ಮೇಲೂರಿಗೆ ಕಳಿಸಿಕೊಟ್ಟಿದ್ದರು.

ಬಂದು ವಾರವಾಗಿರಬಹುದು. ಬೆಳಗ್ಗೆ ಕೊಂಡಮ್ಮ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದವಳು ಹಿತ್ತಲಿನಲ್ಲಿ ಅದನ್ನು ಇಳಿಸಿ ಹಾಗೇ ಕೂತುಬಿಟ್ಟಳು. ಮುಖ ಬಿಳುಪೇರಿತ್ತು. ಅಕ್ಷಯಾ ನೀರು ತಂದಳು. ಅಮ್ಮನನ್ನು ಎಬ್ಬಿಸಲು ಹೋದಾಗ ಸೀರೆಯಲ್ಲಿ ರಕ್ತದ ಕಲೆ ಕಂಡಿತು. ಮುಟ್ಟು ನಿಂತು ವರ್ಷಗಳಾಗಿದ್ದು ಮಗಳಿಗೆ ಗೊತ್ತಿತ್ತು. ಬಚ್ಚಲಿಗೆ ಕರೆದುಕೊಂಡು ಹೋದಳು. ಕೊಂಡಮ್ಮ ಬಾಗಿಲು ಹಾಕಿಕೊಳ್ಳಲು ನೋಡಿದಳು, ಮಗಳು ಬಿಡಲಿಲ್ಲ. ಕಟ್ಟಿಕೊಂಡ ಬಟ್ಟೆ ಬಿಚ್ಚಿದಾಗ ಹೊರಬಂದ ಭಾಗ ಅದಕ್ಕೆ ಉಜ್ಜಿ ಉಜ್ಜಿ ಹುಣ್ಣಾಗಿರುವುದು ಕಂಡಿತು.

"ಎಷ್ಟು ದಿನದಿಂದ ಅಮ್ಮ ಇದು?"

ಕೊಂಡಮ್ಮ ಯೋಚಿಸದೆ, "ನೀನು ಹುಟ್ಟಿದಾಗಿಂದ ಕಣಮ್ಮ" ಅಂದುಬಿಟ್ಟಳು. ಅಂದ ಮೇಲೆ ಮಗಳ ಮುಖ ನೋಡಿ, ಅನ್ನಬಾರದಿತ್ತು ಅನ್ನಿಸಿತು. ಬಸುರಿಯ ಎದುರಿಗೆ ಇಂಥ ಮಾತೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಹಾಗಲ್ಲ, ಹೊರೆ ಹೊತ್ತಿದ್ದರಿಂದ ಆಗಿದ್ದು, ನಿನ್ನಿಂದಲ್ಲ ಎಂದು ಸಮಾಧಾನ ಹೇಳಲು ಹೊರಟಳು. ಅಕ್ಷಯಾ ಅಳಲಿಲ್ಲ. ಬಿಸಿನೀರು ಕಾಯಿಸಿ ತಂದಳು, ತೊಳೆದಳು, ಒಗೆದ ಮೆತ್ತನೆ ಬಟ್ಟೆ ಕೊಟ್ಟಳು. ಅಮ್ಮನನ್ನು ಮಲಗಿಸಿ ಪಕ್ಕದಲ್ಲಿ ಕೂತು, ಅಪ್ಪನಿಗೆ ಗೊತ್ತಾ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಕೊಂಡಮ್ಮ.

"ನೀನು ಹೇಳ್ತೀಯಾ, ನಾನು ಹೇಳ್ಲಾ?"

ಮಗಳು ಅಪ್ಪನ ಹತ್ತಿರ ಇಂಥದ್ದು ಆಡುವುದು ಬೇಡವೆಂದು ಕೊಂಡಮ್ಮ ತಾನೇ ಹೇಳಲು ಒಪ್ಪಿದಳು.

ಹೇಳಿದ್ದು ತೋಟದಲ್ಲಿ. ಆವುಲಪ್ಪ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದ. ಕೊಂಡಮ್ಮ ಎದುರು ಸಾಲಿನಲ್ಲಿ ನಿಂತು, ಅವನ ಮುಖ ನೋಡದೆ, ಕಡ್ಡಿಗಳನ್ನು ಜೋಡಿಸುತ್ತಾ ತೆಲುಗಿನಲ್ಲಿ ಹೇಳಿದಳು. ಯುದ್ಧದ ವರ್ಷದ ಹೆರಿಗೆ, ಮೂರನೇ ವಾರದ ಹೊರೆ, ಕಟ್ಟುವ ಬಟ್ಟೆ, ಹೋಗದ ಮದುವೆಗಳು, ಬೇರೆ ಕೋಣೆಯಲ್ಲಿ ಮಲಗುವುದು, ಎಲ್ಲವನ್ನೂ ಹೇಳಿದಳು. ಆವುಲಪ್ಪ ಕೊಯ್ಯುವುದನ್ನು ನಿಲ್ಲಿಸಿದ್ದ.

"ನಂಗ್ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದ.

"ನೀವು ಬರೋದು ವರ್ಷಕ್ಕೆ ಒಂದ್ಸಲ. ಬಂದಾಗ ಮನೆ ತುಂಬಾ ಜನ. ಇವತ್ತು ಹೇಳಣ, ನಾಳೆ ಹೇಳಣ ಅನ್ನೋದ್ರಲ್ಲಿ ನಿಮ್ಮ ರಜ ಮುಗಿದೋಗ್ತಿತ್ತು. ಆಮೇಲೆ ನೀವು ಮನೇಲೇ ಇದ್ರಿ. ಆಗ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂತೀರ ಅಂತ." ಕಡ್ಡಿಗಳತ್ತ ನೋಡುತ್ತಾ, "ಸಿಗ್ಗಯಿಂದಿ" ಅಂದಳು. ನಾಚಿಕೆಯಾಯಿತು ಎಂಬುದಕ್ಕೆ ಅವಳ ತವರಿನ ಮಾತು.

ಆವುಲಪ್ಪ ಕೊಯ್ದ ಸೊಪ್ಪನ್ನು ಕಟ್ಟಿ ಹೊರೆಯನ್ನು ತಾನೇ ಹೊತ್ತುಕೊಂಡ. ಅವನು ಹೊರೆ ಹೊರುತ್ತಿರಲಿಲ್ಲವೆಂದಲ್ಲ, ಆದರೆ ಅವತ್ತಿನಿಂದ ಹೊರೆಯಡಿ ತಲೆಗಿಡುವ ಸಿಂಬಿಯನ್ನು ಅವಳು ಮುಟ್ಟದ ಹಾಗೆ ನೋಡಿಕೊಂಡ. ಹುಳ ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದು, ಮುಂದಿನ ಬೆಳೆಗೆ ಹುಳದ ಮೊಟ್ಟೆ ತರಲಿಲ್ಲ. ತೋಟದ ಸೊಪ್ಪನ್ನು ಪಕ್ಕದವರಿಗೆ ಮಾರಿದ. ಹುಳುಮನೆ ಖಾಲಿಯಾಗಿದ್ದು ಕಂಡು ಕೊಂಡಮ್ಮನಿಗೆ ಒಂಥರಾ ಭಯವೇ ಆಯಿತು. ಇನ್ನು ಯಾವ ನೆಪವೂ ಉಳಿದಿರಲಿಲ್ಲ.

ಪಾಲಿಕ್ಲಿನಿಕ್ಕಿಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ದೇವನಹಳ್ಳಿಯಲ್ಲಿ ಆವುಲಪ್ಪ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸಿ, ಅವಳು ಶೌಚಾಲಯಕ್ಕೆ ಹೋಗಿಬರುವವರೆಗೆ ಮೆಟ್ಟಿಲ ಮೇಲೆ ನಿಂತಿದ್ದ. ಪಾಲಿಕ್ಲಿನಿಕ್ಕಿನ ಬೆಂಚುಗಳ ತುಂಬ ಮುದುಕರಾದ ಸಿಪಾಯಿಗಳು, ಒಬ್ಬರಿಗೊಬ್ಬರು ಯಾವ ರೆಜಿಮೆಂಟು ಎಂದು ಕೇಳಿಕೊಳ್ಳುತ್ತಾ ಕೂತಿದ್ದರು. ಅವರ ಹೆಂಡತಿಯರು ಗಂಡನ ಮಾತ್ರೆ ಚೀಲ ಹಿಡಿದು ಪಕ್ಕದಲ್ಲಿದ್ದರು. ಕೊಂಡಮ್ಮನಿಗೂ ಅದೇ ಭಾವನೆ. ಇದು ಅವರ ಜಾಗ, ನಾನು ಜೊತೆಗೆ ಬಂದವಳು.

ಲೇಡಿ ಡಾಕ್ಟರು ಆವುಲಪ್ಪನನ್ನು ಹೊರಗೆ ಕೂರಿಸಿ ಕೊಂಡಮ್ಮನನ್ನು ಮಲಗಿಸಿ ನೋಡಿದರು. ಗರ್ಭಕೋಶ ಪೂರ್ತಿ ಹೊರಬಂದಿದೆ, ಮೊದಲು ಹುಣ್ಣು ವಾಸಿಯಾಗಬೇಕು, ಆಮೇಲೆ ಆಪರೇಷನ್ ಮಾಡಿ ತೆಗೆದು ಒಳಗಿನ ಸಡಿಲವನ್ನು ಹೊಲಿಯಬೇಕು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕೊಂಡಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಎದ್ದು ಸೀರೆ ಸರಿಮಾಡಿಕೊಳ್ಳುವಾಗ ಕೇಳಿದಳು.

"ಇದು ಹೆಂಗಸರ ಕಾಯಿಲೆ ಅಲ್ವಾ ಮೇಡಂ. ಇದಕ್ಕೂ ಗೌರ್ಮೆಂಟು ಕೊಡುತ್ತಾ?"

ಡಾಕ್ಟರು ಮೇಜಿನ ಮೇಲಿದ್ದ ಅವಳ ಕಾರ್ಡನ್ನು ತೋರಿಸಿ, "ಇದರಲ್ಲಿರೋದು ನಿಮ್ಮ ಫೋಟೋ ತಾನೆ? ಗರ್ಭಕೋಶ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಅಂತ ಎಲ್ಲಾದ್ರೂ ಬರ್ದಿದ್ಯಾ?" ಎಂದರು. ಕೊಂಡಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿದಳು. ಫೋಟೋದಲ್ಲಿ ಅವಳ ಕೂದಲು ಇನ್ನೂ ಕಪ್ಪಾಗಿತ್ತು.

ಹುಣ್ಣಿಗೆ ಮುಲಾಮು ಹಚ್ಚಿ ವಾಸಿ ಮಾಡಿಕೊಳ್ಳಲು ತಿಂಗಳ ಮೇಲೆ ಹಿಡಿಯಿತು. ಆಮೇಲೆ ಪಾಲಿಕ್ಲಿನಿಕ್ಕಿನವರು ಬರೆದುಕೊಟ್ಟ ಖಾಸಗಿ ಆಸ್ಪತ್ರೆಗೆ ಹೋದರು. ಯೋಜನೆಯವರಿಗೆ ಸದ್ಯ ಬೆಡ್ಡಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಅಷ್ಟು ದಿನ ಬಿಟ್ಟು ಹೋದಾಗ ಇನ್ನೊಂದು ವಾರ ಎಂದರು. ಬೆಡ್ಡು ಇಲ್ಲವೋ, ಸರ್ಕಾರದ ದುಡ್ಡು ತಡವಾಗಿ ಬರುತ್ತದೆಂದು ಕೊಡಲು ಮನಸ್ಸಿಲ್ಲವೋ, ಕೌಂಟರಿನ ಹುಡುಗಿಗೇ ಗೊತ್ತಿರಲಿಲ್ಲ. ಆವುಲಪ್ಪ ಜಗಳವಾಡಲಿಲ್ಲ. ನೇರ ಪಾಲಿಕ್ಲಿನಿಕ್ಕಿಗೆ ವಾಪಸ್ಸು ಹೋಗಿ ಅಲ್ಲಿನ ಉಸ್ತುವಾರಿ ಅಧಿಕಾರಿಯ ಎದುರು ನೆಟ್ಟಗೆ ನಿಂತು ವರದಿ ಒಪ್ಪಿಸಿದ. ಅವರು ಮಿಲಿಟರಿ ಆಸ್ಪತ್ರೆಗೇ ಬರೆದುಕೊಟ್ಟರು. ಅಲ್ಲಿ ದಿನ ಗೊತ್ತಾಯಿತು.

ಆದರೆ ಅಷ್ಟರಲ್ಲಿ ಅಕ್ಷಯಾಗೆ ಒಂಬತ್ತು ತುಂಬುತ್ತಿತ್ತು. ಆಪರೇಷನ್ ಆದರೆ ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಮಗಳ ಬಾಣಂತನ ಮುಗಿಯಲಿ, ಇಷ್ಟು ವರ್ಷ ಇದ್ದದ್ದು ಇನ್ನು ಐದು ತಿಂಗಳಿಗೆ ಏನಾಗುತ್ತದೆ ಎಂದು ಕೊಂಡಮ್ಮ ಹಟ ಹಿಡಿದಳು. ಮೊದಲ ಹೆರಿಗೆಗೆ ಬಂದ ಮಗಳಿಗೆ ನೀರು ಹುಯ್ಯದ ತಾಯಿ ಎಂಬ ಮಾತು ಕೇಳಲು ಅವಳಿಗೆ ಇಷ್ಟವಿರಲಿಲ್ಲ.

ಅಕ್ಷಯಾ ಅಮ್ಮನ ಎದುರಿಗೇ ಚಿಂತಾಮಣಿಗೆ ಫೋನು ಮಾಡಿದಳು. ಅತ್ತೆಗೆ ಎಲ್ಲವನ್ನೂ ಹೇಳಿದಳು, ಗರ್ಭಕೋಶ ಎಂಬ ಶಬ್ದವನ್ನೂ ಬಿಡದೆ. ಕೊಂಡಮ್ಮ ಬೀಗಿತ್ತಿಯ ಮುಂದೆ ಮಾನ ಹೋಯಿತೆಂದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಮಾರನೇ ದಿನ ಗೋದಮ್ಮನವರು ಒಂದು ಸೂಟ್‌ಕೇಸು ಹಿಡಿದು ಬಸ್ಸಿಳಿದರು. ಕೊಂಡಮ್ಮ ಕೈಕಾಲಿಗೆ ನೀರು ಕೊಟ್ಟು, ಇದೆಲ್ಲಾ ನಿಮಗೆ ತೊಂದರೆ ಎಂದು ಶುರುಮಾಡಿದಳು.

"ನೋಡ್ರೀ ಕೊಂಡಮ್ಮ, ಬಾಣಂತನ ತಾಯಿನೇ ಮಾಡ್ಬೇಕು ಅಂತ ರೂಲ್ಸಿಲ್ಲ. ನೀವು ಹೋಗಿ ಆಪರೇಷನ್ ಮಾಡಿಸ್ಕೊಂಡು ಬನ್ನಿ. ನಾನಿಲ್ಲೇ ಇರ್ತೀನಿ" ಎಂದರು ಗೋದಮ್ಮನವರು, ಕ್ಲಾಸಿನಲ್ಲಿ ಹೇಳುವ ಹಾಗೆ.

ಮಿಲಿಟ್ರಿ ಕೊಂಡಮ್ಮ ಮಿಲಿಟರಿಯನ್ನು ಒಳಗಿನಿಂದ ಕಂಡದ್ದು ಆ ಆಸ್ಪತ್ರೆಯಲ್ಲೇ. ಹಾಸಿಗೆಗಳೆಲ್ಲ ಒಂದೇ ಗೆರೆಯಲ್ಲಿ, ಹೊದಿಕೆಗಳೆಲ್ಲ ಒಂದೇ ಮಡಿಕೆಯಲ್ಲಿ. ಗಂಡ ಮನೆಯಲ್ಲಿ ಹಾಸಿಗೆ ಮಡಿಸುವ ರೀತಿ ಎಲ್ಲಿಂದ ಬಂದಿತೆಂದು ತಿಳಿಯಿತು. ಪಕ್ಕದ ಹಾಸಿಗೆಯಲ್ಲಿ ಉತ್ತರದ ಕಡೆಯ ಒಬ್ಬ ಸಿಪಾಯಿಯ ಹೆಂಡತಿ ಇದ್ದಳು. ಮಕ್ಕಳಾಗಲೆಂದು ಚಿಕಿತ್ಸೆಗೆ ಬಂದವಳು. ಗಂಡ ಗಡಿಯಲ್ಲಿದ್ದ, ಅವನಿಗೆ ರಜೆ ಸಿಕ್ಕಾಗ ಇವಳ ದಿನ ಕೂಡಿಬರುತ್ತಿರಲಿಲ್ಲ. ಅದನ್ನೆಲ್ಲ ಕನ್ನಡ ಬಲ್ಲ ನರ್ಸು ಹೇಳಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆಪರೇಷನ್ನಿಗೆ ಕರೆದೊಯ್ಯುವಾಗ ಆ ಹುಡುಗಿ ಎದ್ದು ಬಂದು ಕೊಂಡಮ್ಮನ ಬಳೆ ಬಿಚ್ಚಿಕೊಟ್ಟು, ಜಡೆಯನ್ನು ಟೋಪಿಯೊಳಗೆ ಸೇರಿಸಿದಳು.

ಬೆನ್ನಿಗೆ ಸೂಜಿ ಹಾಕಿದ್ದರು, ಅರ್ಧ ಎಚ್ಚರದಲ್ಲಿ ಕತ್ತರಿಯ ಸದ್ದು ಕೇಳುತ್ತಿತ್ತು. ತೊಂದರೆಯೇನೂ ಆಗಲಿಲ್ಲ. ಮೂರನೇ ದಿನ ನಡೆಸಿದರು. ಎದ್ದು ನಿಂತಾಗ ಕೊಂಡಮ್ಮ ಅಭ್ಯಾಸಬಲದಿಂದ ಕಾಲು ಒತ್ತಾಗಿ ಹಿಡಿದುಕೊಂಡಳು. ಏನೂ ಜಾರಲಿಲ್ಲ. ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುತ್ತಿದ್ದುದು ಸಂಜೆ ಮಾತ್ರ. ಆವುಲಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹಾಸಿಗೆ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಒಂದು ದಿನ ಮಾತಿನ ಮಧ್ಯೆ, ಆವತ್ತು ಟಿಕೇಟು ವಾಪಸ್ಸು ಮಾಡಿದ್ದು ನೆನಪಿದೆ, ಮಗು ಹುಟ್ಟಿದ ಸುದ್ದಿ ಬಂದಾಗ ಬಂಕರಿನಲ್ಲಿ ಎಲ್ಲರಿಗೂ ಚಹಾದ ಜೊತೆ ಬೆಲ್ಲ ಹಂಚಿದ್ದೆ, ನಿನಗೆ ಹೇಗಿದೆ ಎಂದು ಯಾರನ್ನೂ ಕೇಳಲಿಲ್ಲ ಎಂದ. ಕೇಳಿದ್ದರೂ ಚೆನ್ನಾಗಿದ್ದಾಳೆ ಅಂತಲೇ ಬರೆಸುತ್ತಿದ್ದೆ ಎಂದಳು ಕೊಂಡಮ್ಮ. ಅವಳು ಹೇಳಿದ್ದು ನಿಜವಾಗಿತ್ತು. ಆದರೂ ಅವನು ಆ ಸಂಜೆ ಸಮಯ ಮುಗಿದಿದೆ ಎಂದು ನರ್ಸು ಎರಡು ಸಲ ಹೇಳುವವರೆಗೂ ಏಳಲಿಲ್ಲ.

ಮನೆಗೆ ಬಂದು ಎರಡು ವಾರ ಕಳೆಯುವ ಮೊದಲೇ ಅಕ್ಷಯಾಗೆ ನೋವು ಶುರುವಾಯಿತು. ಕೇಶವ್ ಕಾರು ತಂದ. ಗೋದಮ್ಮನವರು ಸೊಸೆಯನ್ನು ಕೂರಿಸಿಕೊಂಡು ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆಗೆ ಹೊರಟರು. ಕೊಂಡಮ್ಮ ಬಾಗಿಲಲ್ಲಿ ನಿಂತಿದ್ದಳು, ಕಾರಿನಲ್ಲಿ ಕೂರಲು ಅವಳಿಗೆ ಡಾಕ್ಟರು ಬೇಡವೆಂದಿದ್ದರು. ಮಧ್ಯಾಹ್ನ ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಫೋನು ಬಂತು. ಕೊಂಡಮ್ಮ ಮಗಳ ಹತ್ತಿರವೇ ಕೊಡಿ ಎಂದು ಹಟ ಮಾಡಿ ಅವಳ ಬಾಯಲ್ಲೇ ಕೇಳಿದಳು: ಹೊಲಿಗೆ ಬಿದ್ದಿದೆಯಾ, ರಕ್ತ ಹೆಚ್ಚು ಹೋಗುತ್ತಿದೆಯಾ, ಕೆಳಗೆ ಭಾರ ಅನ್ನಿಸುತ್ತಿದೆಯಾ. ಹಾಗೆ ತನ್ನನ್ನು ಯಾರೂ ಕೇಳಿರಲಿಲ್ಲ ಎಂಬುದು ಫೋನು ಇಟ್ಟ ಮೇಲೆ ಹೊಳೆಯಿತು.

ಆ ಮೂರು ತಿಂಗಳು ಮನೆ ಗೋದಮ್ಮನವರ ಕೈಯಲ್ಲಿತ್ತು. ಒಂದು ಕೋಣೆಯಲ್ಲಿ ಬಾಣಂತಿ, ಇನ್ನೊಂದರಲ್ಲಿ ಆಪರೇಷನ್ ಆದವಳು. ಇಬ್ಬರಿಗೂ ಒಂದೇ ಮೆಣಸಿನ ಸಾರು. ಆ ಸಾರಿಗೆ ಉಪ್ಪು ಸಾಲದು ಎನ್ನುವ ಧೈರ್ಯ ಕೊಂಡಮ್ಮನಿಗೆ ಬರಲಿಲ್ಲ. ಆವುಲಪ್ಪ ಹಂಡೆಗೆ ಉರಿ ಹಾಕಿದ, ಮಗುವಿನ ಬಟ್ಟೆ ಒಗೆದ, ತಂತಿಯ ಮೇಲೆ ಅವನ್ನು ಅಂಚಿಗೆ ಅಂಚು ಸೇರಿಸಿ ಹರವಿದ. ಬೀದಿಯವರು ನಕ್ಕರು, ಅವನಿಗೆ ಅದು ಕಾಣಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲು ಮಾತ್ರ ಕೊಂಡಮ್ಮ ಡಾಕ್ಟರಿಗೆ ಫೋನು ಮಾಡಿಸಿ ಅನುಮತಿ ಪಡೆದಳು. ಕೂತು ಎತ್ತಿಕೊಳ್ಳಬಹುದು ಎಂದರು. ಅವಳು ದಿನದ ಹೆಚ್ಚು ಪಾಲು ಕೂತೇ ಕಳೆದಳು.

ಎಲ್ಲರೂ ಚಿಂತಾಮಣಿಗೆ ಹೋದ ಮೇಲೆ ಕೊಂಡಮ್ಮ ತೊಂಡೇಬಾವಿಗೆ ಹೊರಟಳು. ತಮ್ಮನ ಮಗನ ನಿಶ್ಚಿತಾರ್ಥವಿತ್ತು. ಮೂರು ದಿನ ಉಳಿದಳು, ಎರಡನೇ ಪಂಕ್ತಿಯಲ್ಲಿ ಕೂತು ಪೂರ್ತಿ ಊಟ ಮಾಡಿದಳು, ಹೆಂಗಸರ ಹಾಸ್ಯಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕನಿಗೆ ಈಗ ಹುಳ ಇಲ್ವಾ ಎಂದು ತಮ್ಮ ಕೇಳಿದ. ಬಿಟ್ಟೆ ಎಂದಳು.

ಇದೆಲ್ಲ ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಚಿಕ್ಕಬಳ್ಳಾಪುರದಲ್ಲಿ ಮಾಜಿ ಸೈನಿಕರ ಸಂಘದ ಸಭೆ ನಡೆದಾಗ, ಯಾವತ್ತೂ ಬಾಯಿ ಬಿಡದ ಆವುಲಪ್ಪ ಎದ್ದು ನಿಂತ. ಪಿಂಚಣಿಯ ಮಾತು, ಕ್ಯಾಂಟೀನಿನ ಮಾತು ಎಲ್ಲ ಮುಗಿದಿತ್ತು. "ನಮ್ಮ ಕಾರ್ಡು ಮನೆಯೋರ್ದೂ ಹೌದು. ಗರ್ಭಕೋಶ, ಮುಟ್ಟು, ಹೆರಿಗೆ ತೊಂದರೆ, ಎಲ್ಲದಕ್ಕೂ ನಡೆಯುತ್ತೆ. ನಾವು ಬಾರ್ಡರಲ್ಲಿದ್ದಾಗ ಅವ್ರಿಗೆ ಏನಾಗಿದೆ ಅಂತ ನಾವ್ಯಾರೂ ಕೇಳಿಲ್ಲ. ಮನೆಗೆ ಹೋಗಿ ಕೇಳಿ" ಎಂದು ಕೂತ. ಸಭೆಯಲ್ಲಿದ್ದ ಗಂಡಸರು ಕೆಮ್ಮಿದರು, ನೆಲ ನೋಡಿದರು. ಹೆಂಡತಿಯ ಹೆಸರು ಅವನು ಎತ್ತಲಿಲ್ಲ, ನಿಜ. ಆದರೆ ಕೊಂಡಮ್ಮ ಬೆಂಗಳೂರಿಗೆ ಓಡಾಡಿದ್ದು ಯಾರಿಗೆ ಗೊತ್ತಿರಲಿಲ್ಲ? ಅವನು ಮನೆ ಮುಟ್ಟುವ ಮೊದಲೇ ಮಾತು ಮೇಲೂರು ಮುಟ್ಟಿತ್ತು.

ಕೊಂಡಮ್ಮ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟು ಹೋಗುತ್ತಿದ್ದಳು. ಮೂರನೇ ದಿನ, ಊರ ಗಂಡಸರ ಮುಂದೆ ನನ್ನ ಹೊಟ್ಟೆಯೊಳಗಿಂದು ಬಿಚ್ಚಿಟ್ರಲ್ಲ ಎಂದು ತೆಲುಗಿನಲ್ಲಿ ಬೈದಳು. ತಪ್ಪಾಯಿತೇ ಎಂದು ಆವುಲಪ್ಪ ಕೇಳಿದ. ಅವಳು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಸಿಟ್ಟು ಮಾತ್ರ ಇನ್ನೂ ಇತ್ತು.

ಆ ವಾರವೇ, ಮಧ್ಯಾಹ್ನ ಬೀದಿ ಖಾಲಿಯಾಗಿದ್ದ ಹೊತ್ತಿನಲ್ಲಿ, ಕೆಳಬೀದಿಯ ಮುನಿಗಂಗಮ್ಮ ಹಿತ್ತಲ ಬಾಗಿಲಿಂದ ಬಂದಳು. ಅವಳ ಗಂಡನೂ ಸೈನ್ಯದಲ್ಲಿದ್ದವನು, ತೀರಿಕೊಂಡು ಆರೇಳು ವರ್ಷವಾಗಿತ್ತು. ಮೊದಲು ಕರಿಬೇವು ಕೇಳಿದಳು. ಕೊಂಡಮ್ಮ ಕಿತ್ತುಕೊಟ್ಟಳು. ಅದನ್ನು ಸೆರಗಿಗೆ ಹಾಕಿಕೊಂಡರೂ ಮುನಿಗಂಗಮ್ಮ ಹೋಗಲಿಲ್ಲ. ಗಂಡ ಇಲ್ಲದವರಿಗೂ ಆ ಕಾರ್ಡು ನಡೆಯುತ್ತಾ ಅಕ್ಕ ಎಂದು ಕೇಳಿದಳು.

ನಡೆಯುತ್ತೆ ಅಂತಾರೆ, ವಿಚಾರಿಸಣ ಎಂದಳು ಕೊಂಡಮ್ಮ. ಜಗುಲಿಯಲ್ಲಿ ಪೇಪರು ಓದುತ್ತಿದ್ದ ಆವುಲಪ್ಪನನ್ನು ಅಂಗಡಿಯಿಂದ ಸಕ್ಕರೆ ತರಲು ಕಳಿಸಿದಳು. ಮನೆಯಲ್ಲಿ ಸಕ್ಕರೆ ಇತ್ತು. ಅವನು ಚೀಲ ತೆಗೆದುಕೊಂಡು ಹೋದ ಮೇಲೆ ಹಿತ್ತಲ ಬಾಗಿಲು ಹಾಕಿ, ಮುನಿಗಂಗಮ್ಮನಿಗೆ ಮಣೆ ಕೊಟ್ಟು, ತಾನೂ ಎದುರಿಗೆ ಕೂತಳು.

"ಹೇಳು" ಎಂದಳು.